ಹಿತ್ತಾಳೆ ನಿಪ್ಪಲ್ಲು

ಹಗುರ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಈಗ ಬಕೆಟ್ಟೂ ಹಗುರ, ಬಾಗಿಲೂ ಹಗುರ. ಬಕೆಟ್ಟಿನ ಹಿಡಿ ಕೈಗೇ ಬರುತ್ತದೆ, ಬಾಗಿಲು ಬೆಕ್ಕು ಒರಗಿದರೂ ತೆರೆದುಕೊಳ್ಳುತ್ತದೆ. ಮನುಷ್ಯರ ವಿಷಯ ಎತ್ತುವುದಿಲ್ಲ, ಮನೆಯಲ್ಲಿ ಸೊಸೆ ಇದ್ದಾಳೆ.

ನ್ಯಾಮತಿಯಿಂದ ಸವಳಂಗದ ಕಡೆಯ ಊರುಗಳಿಗೆ ನಾನು ಸೈಕಲ್ಲಿನ ಮೇಲೆ ಹರಳುಪ್ಪು, ಹುಣಸೆಹಣ್ಣು ಒಯ್ದು ಮಾರುತ್ತೇನೆ. ಈ ವಯಸ್ಸಿನಲ್ಲಿ ಸೈಕಲ್ಲೇ ಎನ್ನುವವರಿಗೆ, ನಿಮ್ಮ ವಯಸ್ಸಿನಲ್ಲಿ ಬೈಕೇ ಎನ್ನುತ್ತೇನೆ. ಹೋದ ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಹೊಸ ಕಡ್ಡಿ ಹಾಕಿಸಬೇಕಾಯಿತು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ಟೋಪಿಯಿದೆಯಲ್ಲ, ಅದಕ್ಕೆ ನಿಪ್ಪಲ್ಲು ಅನ್ನುತ್ತಾರೆ. ಕೂಸಿನ ಹಾಲಿನ ಬಾಟಲಿಯದಕ್ಕೂ ಅದೇ ಹೆಸರು. ಹೆಸರಿಟ್ಟವನು ಯಾವುದನ್ನು ನೋಡುತ್ತಾ ಇಟ್ಟನೋ! ಸೈಕಲ್ ಶಾಪಿನ ರಫೀಕ ಎರಡು ಥರದ್ದು ತೋರಿಸಿದ. "ಇದು ಹಿತ್ತಾಳೇದು. ಇದು ಅಲ್ಯೂಮಿನಿಯಂ ಅಜ್ಜಿ, ಬೆಳ್ಳಿ ಹಂಗೆ ಐತೆ ನೋಡ್ರಿ. ಬಾಳ ಹಗುರ. ರೇಸಿನೋರು ಇದನ್ನೇ ಹಾಕಿಸ್ತಾರೆ." ಎರಡನ್ನೂ ಅಂಗೈಯಲ್ಲಿಟ್ಟು ತೂಗಿದೆ. "ಬಾಯಾಗಿನ ಎಲೆಅಡಿಕೆ ಉಗುಳಿದ್ರೆ ಇದಕ್ಕಿಂತ ಜಾಸ್ತಿ ಹಗುರಾಗ್ತೀನಲ್ಲೋ" ಅಂದೆ. ಅಂದೆನೇ ಹೊರತು, ಹೊಳಪಿಗೆ ಸೋತು ಅದನ್ನೇ ಹಾಕಿಸಿದೆ.

ಚಳಿಗಾಲ ಮುಗಿಯುವಷ್ಟರಲ್ಲಿ ಸೂರಗೊಂಡನಕೊಪ್ಪದ ಹತ್ತಿರ ಹಿಂದುಗಡೆ ಟಣ್ ಎಂದಿತು. ಮತ್ತೊಂದು ಟಣ್. ಚಕ್ರ ಕುಡಿದವನಂತೆ ಓಲಾಡಿತು. ಸೈಕಲ್ಲನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದೆ. ಸೊಸೆ ಗಿರಿಜ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಸಾಕತ್ತೆ. ಇನ್ನೊಂದ್ಸಲ ದಾರೀಲಿ ಕೂತ್ರಿ ಅಂದ್ರೆ ಸೈಕಲ್ ಗುಜರಿಗೇ. ಆಮೇಲೆ ಮನೇಲಿ ಟೀವಿ ನೋಡ್ಕಂಡು ಇರ್ರಿ." ಮಗ ತಲೆಯಾಡಿಸಿದ. ಅವನ ತಲೆ ಆಡುವುದು ಹೆಂಡತಿ ಮಾತಾಡಿದಾಗ ಮಾತ್ರ. ಟೀವಿ ಮುಂದೆ ಕೂರುವುದಕ್ಕಿಂತ ನಾನೇ ಗುಜರಿಗೆ ಹೋಗುತ್ತೇನೆ.

ರಫೀಕ ಮುರಿದ ನಿಪ್ಪಲ್ಲು ತೆಗೆದ. ಮೈಯೆಲ್ಲ ಬಿಳಿ ಪುಡಿ, ಕತ್ತು ತುಂಡು.

"ರೇಸಿನೋರಿಗೆ ಮುರಿಯಲ್ಲ, ನಿಮಗ್ಯಾಕೆ ಮುರೀತು?"

"ರೇಸಿನೋರು ಉಪ್ಪು ಹೊರ್ತಾರೇನೋ? ಹುಣಸೆಹಣ್ಣು ಹಿತ್ತಾಳೇನ ತೊಳೀತೈತೆ, ಅಲ್ಯೂಮಿನಿಯಮ್ಮನ್ನ ತಿಂತೈತೆ. ಹಿತ್ತಾಳೇದು ಹಾಕು."

"ಮೊದಲೇ ಗೊತ್ತಿತ್ತೇನ್ರಿ ಅಜ್ಜಿ?"

"ಅಡುಗೆಮನೇಲಿ ಗೊತ್ತಿತ್ತು. ರಸ್ತೇಲಿ ಮರೆತೆ."

ಈ ಸಲದ ಮಳೆಗಾಲ ಪೂರ್ತಿ ಕಳೆಯಿತು. ಒಂದೇ ಒಂದು ಟಣ್ ಇಲ್ಲ. ಗಿರಿಜ ಸಂಜೆ ಸಂಜೆ ಚಕ್ರ ತಿರುಗಿಸಿ ನೋಡುತ್ತಾಳೆ. ಅದು ಅಲುಗುವುದಿಲ್ಲ, ಅವಳ ಮುಖ ಬಾಡುತ್ತದೆ. ಹಿತ್ತಾಳೆಯ ಹೆಚ್ಚುಗಾರಿಕೆಯನ್ನು ಉಪ್ಪು ಕೊಂಡವರಿಗೆಲ್ಲ ಹೇಳಿ ಬಂದಿದ್ದೇನೆ. ಹೇಳಬಾರದಿತ್ತು. ಸವಳಂಗದ ಏರಿನಲ್ಲಿ ಮಂಡಿ ನನ್ನ ಮಾತು ಕೇಳುವುದಿಲ್ಲ, ಇಳಿದು ತಳ್ಳುತ್ತೇನೆ. ಮೊದಲಾದರೆ ಕೇಳಿದವರಿಗೆ ಚಕ್ರ ಓಲಾಡುತ್ತದೆ ಎನ್ನುತ್ತಿದ್ದೆ, ಈಗ ಆ ನೆಪವೂ ಇಲ್ಲ. ಮೊನ್ನೆ ಗಿರಿಜಳೇ ಸ್ಕೂಟರಿನಲ್ಲಿ ಎದುರಾದಳು.

"ಯಾಕತ್ತೆ ತಳ್ಕಂಡು ಹೊಂಟೀರಿ? ಚಕ್ರ ಗಟ್ಟಿ ಐತಲ್ಲ?"

"ಚೈನ್ ಬಿದ್ದಿತ್ತು. ಈಗಷ್ಟೇ ಹಾಕಿದೆ" ಅಂದೆ.

ಅವಳು ಚೈನು ನೋಡಲಿಲ್ಲ, ನನ್ನ ಕೈ ನೋಡಿದಳು. ಒಂದು ಚುಕ್ಕೆ ಮಸಿ ಇರಲಿಲ್ಲ.

ಈಗ ಮನೆ ಬಿಡುವಾಗಲೇ ಬೆರಳಿಗೆ ಒಂದಿಷ್ಟು ಗ್ರೀಸು ಬಳಿದುಕೊಂಡು ಹೊರಡುತ್ತೇನೆ.