ಕಿಡಕಿ ಎಂಬ ಪದವೇ ಇಲ್ಲವಂತೆ

ವಯಸ್ಸಿಗೆ ತಕ್ಕಂತೆ ನಾವು ಬಚ್ಚಿಡುವ ವಸ್ತುಗಳೂ ಬದಲಾಗುತ್ತವೆ. ಚಿಕ್ಕವಳಿದ್ದಾಗ ನಾನು ಹುಣಸೆಹಣ್ಣು ಬಚ್ಚಿಡುತ್ತಿದ್ದೆ. ಐವತ್ತೊಂಬತ್ತು ತುಂಬಿದ ಈ ವರ್ಷ ಬಚ್ಚಿಟ್ಟದ್ದು ಮರೆವನ್ನು. ಇದು ಶುರುವಾದದ್ದು ಇಕ್ಕಳದಿಂದ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಮ್ಮವರು ಪಕ್ಕದಲ್ಲೇ ನಿಂತಿದ್ದರು. ಕೈ ಚಾಚಿದೆ, ಬಾಯಿ ತೆರೆದೆ, ಪದವೇ ಬರಲಿಲ್ಲ. "ಅದನ್ನ ಕೊಡ್ರಿ... ಅದು... ಹಿಡಿಯೂದು!" ಎಂದೆ. ಅವರು ಇಕ್ಕಳ ಕೊಟ್ಟರು. ಅಷ್ಟರಲ್ಲಿ ಅರ್ಧ ಹಾಲು ಒಲೆಯ ಪಾಲಾಗಿತ್ತು. ಹಾಲು ಹೋದರೆ ಹೋಗಲಿ, ನನಗೆ ಹೆದರಿಕೆಯಾದದ್ದು ಅವ್ವನ ನೆನಪಾಗಿ. ಗಡಹಿಂಗ್ಲಜದ ತವರುಮನೆಯಲ್ಲಿ ಕೊನೆಗಾಲಕ್ಕೆ ಅವ್ವನ ಮಾತುಗಳು ಒಂದೊಂದಾಗಿ ಕಳೆದುಹೋದವು. ಮೊದಲು ಪಾತ್ರೆಗಳ ಹೆಸರು, ಆಮೇಲೆ ಮನುಷ್ಯರ ಹೆಸರು. ಕಡೆಕಡೆಗೆ ತಾನೇ ಪದ ಕಟ್ಟತೊಡಗಿದಳು. ಒಂದು ದಿನ ಬೆಳಗಿನಿಂದ "ತೊಳಪಿ ತಾ, ತೊಳಪಿ ತಾ" ಎಂದು ಹಟ ಹಿಡಿದಳು. ನಾವು ಮಕ್ಕಳೆಲ್ಲ ಮನೆಯಲ್ಲಿದ್ದ ಸಾಮಾನನ್ನೆಲ್ಲ ತಂದು ಮುಂದಿಟ್ಟೆವು. ಯಾವುದೂ ತೊಳಪಿ ಆಗಿರಲಿಲ್ಲ. ಆಗ ನಕ್ಕವರಲ್ಲಿ ನಾನೂ ಒಬ್ಬಳು.

ಇಕ್ಕಳದ ನಂತರ ನಾನು ಹುಷಾರಾದೆ. ಪದ ಸಿಗದಿದ್ದರೆ ಕೆಮ್ಮುವುದು, ನೀರು ಕುಡಿಯುವುದು, ಎದುರಿಗಿದ್ದವರ ಮೇಲೆ ರೇಗುವುದು. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಅಲ್ಲಿ ಗಿರಾಕಿಗಳ ಮುಂದೆ ನನ್ನ ಕೆಮ್ಮು ಎಷ್ಟು ಹೆಚ್ಚಿತೆಂದರೆ ಮೂವರು ಮೂರು ಬಗೆಯ ಕಷಾಯ ಹೇಳಿಕೊಟ್ಟರು. ಮೂರನ್ನೂ ಕುಡಿಯಬೇಕಾಯಿತು. ನಮ್ಮವರಿಗೆ ಮಾತ್ರ ಏನೂ ಗೊತ್ತಾಗಿಲ್ಲವೆಂದು ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತಿದ್ದೆ.

ಹೀಗಿರುವಾಗ ಮನೆಯಲ್ಲಿ ನಡೆದ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ನನ್ನ ಮೈದುನನ ಸೊಸೆ ಸ್ಮಿತಾ ಬಂದಳು. ತುಮಕೂರು ಕಡೆಯ ಹುಡುಗಿ. ಮನುಷ್ಯರು ಪದಗಳನ್ನು ಹೇಗೆ ಗುರುತಿಸುತ್ತಾರೆ ಎಂಬುದರ ಮೇಲೆ ಕೊಲ್ಹಾಪುರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕನ್ನಡ ಮರಾಠಿ ಎರಡೂ ಬಲ್ಲ, ಐವತ್ತು ದಾಟಿದವರು ಬೇಕೆಂದು ಎಲ್ಲರನ್ನೂ ಕೇಳಿದಳು.

"ತುಂಬಾ ಸುಲಭ ದೊಡ್ಡತ್ತೆ. ಪರದೆ ಮೇಲೆ ಒಂದು ಪದ ಬಂದು ಹೋಗುತ್ತೆ. ಅದು ನಿಜವಾದ ಕನ್ನಡ ಪದ ಆದ್ರೆ ಬಲಗಡೆ ಗುಂಡಿ ಒತ್ತಿ. ಸುಮ್ನೆ ಅಕ್ಷರ ಜೋಡಿಸಿದ್ದಾದ್ರೆ ಎಡಗಡೆ. ಅಷ್ಟೇ."

ಎಲ್ಲರೆದುರು "ನನಗ್ಯಾಕ ಬೇಕವ್ವಾ ಈ ವಯಸ್ಸಿನ್ಯಾಗ" ಎಂದು ನಕ್ಕೆ. ಮರುದಿನ ಅಂಗಡಿಯ ಹಿಂದೆ ನಿಂತು ಅವಳಿಗೆ ಫೋನ್ ಮಾಡಿದೆ. ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿಯಾದರೆ ವಿಜ್ಞಾನಕ್ಕೆ ಉಪಕಾರ ಮಾಡುವ ನೆವದಲ್ಲಿ ನನ್ನ ತಲೆಯನ್ನು ನಾನೇ ಪರೀಕ್ಷಿಸಿಕೊಳ್ಳಬಹುದು. ಇದು ನನ್ನ ಲೆಕ್ಕ. ಯಾರಿಗೂ ಹೇಳಬೇಡ ಎಂದೆ. "ಯಾರು ಬರ್ತಾರೆ ಅಂತ ಇನ್ನೊಬ್ಬರಿಗೆ ಹೇಳೋ ಹಾಗೇ ಇಲ್ಲ ದೊಡ್ಡತ್ತೆ, ಅದು ನಮ್ಮ ನಿಯಮ" ಎಂದಳು.

ಗಡಹಿಂಗ್ಲಜಕ್ಕೆ ಹೋಗಿ ತಂಗಿಯನ್ನು ನೋಡಿ ಬರುತ್ತೇನೆಂದು ನಮ್ಮವರಿಗೆ ಹೇಳಿದೆ. ಅವರು, "ಹಂಗಾದ್ರ ನಾನೂ ಹುಪರಿಗೆ ಹೋಗಿ ಬರ್ತೇನಿ. ಮೊಮ್ಮಗಳ ಗೆಜ್ಜಿ ತಯಾರ್ ಆಗ್ಯಾವಂತ" ಎಂದರು. ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಅವರ ಕಣ್ಣು ತಪ್ಪಿಸಿ ನಾನು ಕೊಲ್ಹಾಪುರದ ಬಸ್ ಹತ್ತಿದೆ.

ಸ್ಮಿತಾಳ ಕೋಣೆ ಚಿಕ್ಕದು. ಒಂದು ಕಂಪ್ಯೂಟರ್, ಒಂದು ಕುರ್ಚಿ, ಬೆಳಕು ಕಡಿಮೆ. ಪರದೆಯ ನಡುವೆ ಒಂದು ಕೂಡಿಸುವ ಚಿಹ್ನೆ; ಕಣ್ಣು ಅದರ ಮೇಲೆಯೇ ಇರಬೇಕು. "ಬೇಗ ಒತ್ತಿ, ಆದ್ರೆ ತಪ್ಪದಂತೆ ಒತ್ತಿ. ತಪ್ಪಿದ್ರೆ ಟಣ್ ಅನ್ನುತ್ತೆ. ಭಯ ಬೇಡ, ಇದು ಪರೀಕ್ಷೆ ಅಲ್ಲ" ಎಂದು ಹೇಳಿ ಹೊರಗೆ ಹೋದಳು. ಪರೀಕ್ಷೆ ಅಲ್ಲ ಎಂದು ಯಾರಾದರೂ ಹೇಳಿದ ಕೂಡಲೇ ನನ್ನ ಅಂಗೈ ಬೆವರುತ್ತದೆ.

'ಮರ' ಬಂತು. ಬಲಗಡೆ ಒತ್ತಿದೆ. 'ರಮಪ' ಬಂತು. ಎಡಗಡೆ. ಇಷ್ಟೇ ತಾನೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ. 'ಬುತ್ತಿ' ಬಂತು, ಬಲಗಡೆ ಒತ್ತಿದೆ. ಆದರೆ ಮನಸ್ಸು ಅಲ್ಲೇ ನಿಂತಿತು. ಅವ್ವ ರೊಟ್ಟಿಯ ಮಡಿಕೆಯೊಳಗೆ ಶೇಂಗಾ ಹಿಂಡಿ ಇಟ್ಟು ಕಟ್ಟಿಕೊಡುತ್ತಿದ್ದ ಬುತ್ತಿ ಕಣ್ಣೆದುರು ಬಂತು. ಅದನ್ನು ನೋಡುತ್ತ ಕೂತಾಗ ಪರದೆಯ ಮೇಲೆ ಎರಡೋ ಮೂರೋ ಪದಗಳು ನನ್ನನ್ನು ಕೇಳದೆ ದಾಟಿಹೋದವು. ಗಾಬರಿಯಾಗಿ ಮುಂದಕ್ಕೆ ಬಾಗಿದೆ. 'ದಗದ' ಎಂದು ಮೂಡಿತು. ದಗದ ಮಾಡಿಯೇ ಸವೆದ ಕೈಯಿಂದ ಬಲಗಡೆ ಒತ್ತಿದೆ. ಟಣ್!

ಕೈ ಜಾರಿರಬೇಕು ಎಂದುಕೊಂಡೆ. 'ಕಿಡಕಿ' ಬಂತು. ಸರಿಯಾಗಿ ನೋಡಿ ಒತ್ತಿದೆ. ಟಣ್! 'ಗಚ್ಚಿ'. ದಿನಾ ಹಪ್ಪಳ ಒಣಗಿಸುವ ನಮ್ಮ ಮನೆಯ ಗಚ್ಚಿ. ಟಣ್!

ಇವು ಪದಗಳೇ ಅಲ್ಲವೆಂದರೆ ಇಷ್ಟು ವರ್ಷ ನಾನು ಆಡಿದ್ದು ಏನು? ಅವ್ವನಿಗೂ ತೊಳಪಿ ನಿಜವಾದ ಪದವೆಂದೇ ಅನ್ನಿಸಿತ್ತಲ್ಲವೇ? ಅವಳೂ ನಮ್ಮನ್ನು ಹೀಗೇ ನೋಡಿರಬೇಕು, ಎಲ್ಲರೂ ಸೇರಿ ಸುಳ್ಳು ಹೇಳುತ್ತಿದ್ದಾರೆಂದು. ಆಮೇಲೆ ಬಂದ ಪದಗಳಲ್ಲಿ ನನಗೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲ. 'ನೀರು' ಬಂದಾಗಲೂ ಬೆರಳು ಒಂದು ಕ್ಷಣ ತಡೆಯಿತು.

ಮುಗಿದಾಗ ಎದ್ದು ಬಾಗಿಲು ತೆರೆದೆ. ಹೊರಗಿನ ಬೆಂಚಿನ ಮೇಲೆ, ಟೋಪಿ ತೊಡೆಯ ಮೇಲಿಟ್ಟುಕೊಂಡು, ನಮ್ಮವರು ಕೂತಿದ್ದರು.

ನನ್ನನ್ನು ಕಂಡದ್ದೇ ಅವರು ಕೇಳಿದರು: "ಗಡಹಿಂಗ್ಲಜ ಇಲ್ಲಿಗೆ ಯಾವಾಗ ಬಂತು?"

"ಹುಪರಿ ಬಂದಾಗನ ಬಂತ್ರಿ" ಎಂದೆ. ಅಂದದ್ದೇ ತಡ, ಅಳು ಒತ್ತರಿಸಿ ಬಂತು. ಇಕ್ಕಳ, ಅವ್ವ, ಕೆಮ್ಮು ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಟ್ಟೆ. "ಕಿಡಕಿ ಅನ್ನೂ ಮಾತಽ ಇಲ್ಲಂತ್ರಿ. ನಂದು ಮುಗೀತು."

ಅವರು ಧಡಕ್ಕನೆ ಎದ್ದರು. "ಯಾಂವ ಅಂದಾಂವ? ಹಂಗಾದ್ರ ಅರವತ್ತೈದು ವರ್ಷ ನಾ ಯಾದರಾಗಿಂದ ಹೊರಗ ನೋಡೇನಿ?"

ಅವರ ದನಿಗೆ ಸ್ಮಿತಾ ಓಡಿ ಬಂದಳು. ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಅರ್ಥವಿಲ್ಲದ ಪದಗಳನ್ನು ಅವಳೂ ತುಮಕೂರಿನ ಅವಳ ಗೆಳತಿಯೂ ಸೇರಿ ಕಟ್ಟಿದ್ದರಂತೆ. ಕಿಟಕಿಯ ಒಂದು ಅಕ್ಷರ ಬದಲಿಸಿ ಕಿಡಕಿ ಮಾಡಿದ್ದು ಅವಳೇ.

"ಹಾಗಂದ್ರೆ ಮನೇಲಿ ನಿಜವಾಗ್ಲೂ ಹೀಗೇ ಅಂತೀರಾ?"

"ಮತ್ತೇನಂತಾರವ್ವಾ?" ಎಂದರು ನಮ್ಮವರು. "ದಗದಾ ಅಂದ್ರ ಕೆಲಸ. ಗಚ್ಚಿ ಅಂದ್ರ ಮಾಳಿಗಿ. ನಿನ್ನ ಮಿಷನ್ನಿಗೆ ಕನ್ನಡಾ ಬರೂದಿಲ್ಲ."

ಸ್ಮಿತಾ ಪುಸ್ತಕ ತೆಗೆದು ಒಂದೊಂದನ್ನೂ ಬರೆದುಕೊಂಡಳು. ಆಮೇಲೆ ನನ್ನ ಕೈ ಹಿಡಿದು, ಈ ಪ್ರಯೋಗದಿಂದ ಯಾರ ಕಾಯಿಲೆಯೂ ಗೊತ್ತಾಗುವುದಿಲ್ಲ, ಅದಕ್ಕೆ ಡಾಕ್ಟರೇ ಬೇಕು ಎಂದು ತಿಳಿಹೇಳಿದಳು.

"ಅದಕ್ಕಽ ನಾ ಬಂದಿದ್ದೆ" ಎಂದರು ನಮ್ಮವರು ನೆಲ ನೋಡುತ್ತ. "ನೀ ತಡವರಿಸೂದು ಆರು ತಿಂಗಳಿಂದ ನೋಡಾಕತ್ತೇನಿ. ಈ ಟೆಸ್ಟಿನ್ಯಾಗ ತಿಳೀತೈತೇನೋ, ಮೊದಲ ನಾ ಕೂತು ನೋಡಿ, ಆಮ್ಯಾಲೆ ನಿನ್ನ ಕರ್ಕೊಂಡ ಬರೂಣು ಅಂತ."

ನಾನು ಮಾತು ಸಿಗದೆ ನಿಂತೆ. ಈ ಸಲ ಅದು ಮರೆವಿನಿಂದಲ್ಲ. ನಾನು ತಡೆದಲ್ಲೆಲ್ಲ ಅವರು ಪಕ್ಕದಿಂದ ಮೆಲ್ಲಗೆ ಪದ ಜೋಡಿಸಿಬಿಡುತ್ತಿದ್ದದ್ದು, "ನಡುವ ಬಾಯಿ ಹಾಕಬ್ಯಾಡ್ರಿ" ಎಂದು ನಾನು ರೇಗುತ್ತಿದ್ದದ್ದು ಆಗ ತಲೆಗೆ ಹೊಳೆಯಿತು.

ಅದೇ ವಾರ ಡಾಕ್ಟರನ್ನು ಕಂಡೆವು. ಅವರು ತುಂಬ ಹೊತ್ತು ಪ್ರಶ್ನೆ ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಹೆದರುವಂಥದ್ದೇನಿಲ್ಲ, ನಿದ್ದೆ ಸಾಲದು, ಚಿಂತೆ ಜಾಸ್ತಿ, ವರ್ಷ ಬಿಟ್ಟು ಬಂದು ತೋರಿಸಿ ಎಂದರು. ನಾನು ಹಗುರಾಗಿ ಮನೆಗೆ ಬಂದೆ. ಸ್ವಲ್ಪ ಹೆಚ್ಚೇ ಹಗುರಾದೆನೆಂದು ಕಾಣುತ್ತದೆ. ಮೊನ್ನೆ ಅಂಗಡಿ ತುಂಬ ಹೆಂಗಸರು. ನಮ್ಮವರು ಬಟ್ಟೆಯ ಒಂದು ಥಾನು ಬಿಚ್ಚಿ, "ಇದು ಅಕ್ಕಾರ, ಇದಕ್ಕ ಒಳಗ ಹಚ್ಚೂ ಬಟ್ಟಿ... ಅದು... ಏನಂತಾರ..." ಎಂದು ತಡೆದರು. ನಾನು ಒಂದು ಕ್ಷಣವೂ ಬಿಡಲಿಲ್ಲ. "ಅಸ್ತರ್ರೀ! ಅಸ್ತರು!" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿದೆ. ಪಂದ್ಯ ಗೆದ್ದವಳಂತೆ ಸುತ್ತ ನೋಡಿದೆ ಕೂಡ. ಹೆಂಗಸರು ನಕ್ಕರು. ನಮ್ಮವರು ನನ್ನನ್ನೊಮ್ಮೆ ನೋಡಿ, ನನ್ನ ಹಾಗೆಯೇ ಎರಡು ಸಲ ಕೆಮ್ಮಿ, ಬಟ್ಟೆ ಅಳೆಯತೊಡಗಿದರು.