ಗರ್ಭಚೀಲಕ್ಕೊಂದು ದುರ್ಬೀನು

ಕೆಲವರ ಮನೆಗೆ ಕಷ್ಟ ಬಂದರೆ ಬರೀ ಕಷ್ಟ ಬರುತ್ತದೆ. ನಮ್ಮ ಮನೆಗೆ ಬರುವ ಕಷ್ಟ ದಾರಿಯಲ್ಲಿ ಯಾರದೋ ಕಿವಿಗೆ ತಪ್ಪಾಗಿ ಬಿದ್ದು, ಗೊಂದಲವನ್ನೂ ಜೊತೆಗೆ ಕರಕೊಂಡೇ ಬರುತ್ತದೆ. ನಾನು ಉಗಾರ ಖುರ್ದದಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಯಜಮಾನರು ಸಕ್ಕರೆ ಫ್ಯಾಕ್ಟರಿಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗಿಸುತ್ತಾರೆ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ ಅಂತ ಚಿಕ್ಕೋಡಿಯ ಒಬ್ಬ ಲೇಡಿ ಡಾಕ್ಟರ ಹತ್ತಿರ ತೋರಿಸತೊಡಗಿದೆವು. ಆಗ ನಡೆದದ್ದು ಇದೆಲ್ಲ.

ಗೋಣು ಹಾಕಿದ್ದು

ಡಾಕ್ಟರಮ್ಮ ರಿಪೋರ್ಟ್ ನೋಡಿ ಬಹಳ ಹೊತ್ತು ವಿವರವಾಗಿ ಹೇಳಿದರು. ಮಾದರಿಗಿಟ್ಟಿದ್ದ ಪ್ಲಾಸ್ಟಿಕ್ಕಿನ ಗರ್ಭಚೀಲ ಕೈಯಲ್ಲಿ ಹಿಡಿದು ಅದರೊಳಗೆ ಪೆನ್ನು ತೂರಿಸಿ ತೋರಿಸಿದರು. ಆ ಪೆನ್ನು ನೋಡಿದ್ದೇ ನನ್ನ ಕಿವಿ ಮುಚ್ಚಿಹೋಯಿತು. ಮುಂದೆ ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಆದರೂ ಯಜಮಾನರು ಪಕ್ಕದಲ್ಲಿ ಗಂಭೀರವಾಗಿ ಗೋಣು ಹಾಕುತ್ತಿದ್ದರು. ಸದ್ಯ, ಒಬ್ಬರಿಗಾದರೂ ತಿಳಿಯಿತಲ್ಲ ಅಂತ ನಾನೂ ಗೋಣು ಹಾಕಿದೆ.

"ಏನರ ಕೇಳೂದ ಐತೇನ್ರಿ?" ಅಂದರು ಡಾಕ್ಟರು.

"ಇಲ್ಲರಿ, ಎಲ್ಲಾ ತಿಳೀತು" ಅಂದೆವು ಇಬ್ಬರೂ.

ಬಸ್ ಸ್ಟ್ಯಾಂಡಿಗೆ ಬಂದು ಕೂತ ಮೇಲೆ ಕೇಳಿದೆ, "ಏನಂದ್ರರಿ ಅವರು? ಕೊಯ್ತಾರಂತೇನು?"

ಯಜಮಾನರು ಗಾಬರಿಯಾಗಿ ನನ್ನ ಮುಖ ನೋಡಿದರು. "ನನಗೇನ ಗೊತ್ತು? ನೀ ಗೋಣ ಹಾಕಾಕತ್ತಿದ್ಯಲ್ಲ, ನಿನಗ ತಿಳದೈತಿ ಅಂತ ನಾನೂ ಹಾಕಿದೆ."

ದೂರದಿಂದ ನೋಡುವುದು

ಮತ್ತೆ ಹೋಗಿ ಕೇಳಲು ನಾಚಿಕೆ. ಮರುದಿನ ಯಜಮಾನರು ಆಸ್ಪತ್ರೆಗೆ ಫೋನ್ ಹಚ್ಚಿದರು. ಕೊಯ್ಯುವುದೇನೂ ಇಲ್ಲ, ಒಂದು ಸಣ್ಣ ದುರ್ಬೀನನ್ನು ಕೆಳಗಿನಿಂದ ಗರ್ಭಚೀಲದೊಳಗೆ ಹಾಕಿ ನೋಡುತ್ತಾರೆ, ಅಡ್ಡ ಏನಾದರೂ ಇದ್ದರೆ ಅಲ್ಲೇ ತೆಗೆಯುತ್ತಾರೆ, ಅಂತ ನರ್ಸಮ್ಮ ಹೇಳಿದರಂತೆ. ಕೊಯ್ಯುವುದಿಲ್ಲ ಅಂದದ್ದಕ್ಕೆ ಸಮಾಧಾನವಾಗಬೇಕಿತ್ತು. ಆದರೆ ಆ 'ಕೆಳಗಿನಿಂದ' ಅನ್ನುವ ಮಾತು ತಲೆ ಹೊಕ್ಕು ಕೂತುಬಿಟ್ಟಿತು. ಅವತ್ತು ಒಬ್ಬರ ಬ್ಲೌಸಿಗೆ ಎರಡೂ ಎಡಗೈ ತೋಳು ಹಚ್ಚಿದೆ.

ನನ್ನ ಮುಖ ನೋಡಿ ಅತ್ತೆ ಏನಾಯಿತು ಅಂದರು. ಹೇಳಿದೆ. ಅತ್ತೆ ಸೆರಗು ಸರಿ ಮಾಡಿಕೊಂಡು ಕೇಳಿದರು.

"ದುರ್ಬೀನ ಅಂದ್ರ ದೂರಿಂದ ನೋಡೂದಲ್ಲೇನ?"

"ಹೌದ್ರಿ ಅತ್ತಿ."

"ಮತ್ತ ನೀ ಯಾಕ ಚಿಕ್ಕೋಡಿ ತನಕ ಹೊಕ್ಕಿ? ನಮ್ಮ ಮಾಳಿಗಿ ಮ್ಯಾಲ ನಿಂದರು. ಆ ಡಾಕ್ಟರಮ್ಮ ಅಲ್ಲಿಂದನ ನೋಡ್ಲಿ."

ಕೋರ್ಟಿನ ಕೆಲಸ

ವಿಷಯ ಊರಿಗೆ ತಿಳಿಯಬಾರದು ಅಂತ ನಾವು ಗಟ್ಟಿ ಮಾಡಿಕೊಂಡಿದ್ದೆವು. ರಕ್ತ ತಪಾಸಣೆಗೆ ಚಿಕ್ಕೋಡಿ ಬಸ್ಸು ಹತ್ತಿದರೆ ಎದುರಿನ ಸೀಟಿನಲ್ಲೇ ನಮ್ಮ ಓಣಿಯ ಹಿರಿಯರೊಬ್ಬರು.

"ಏನಪಾ, ಗಂಡಾ ಹೆಂಡ್ತಿ ಕೂಡೇ ಹೊಂಟೀರಿ? ಎಲ್ಲಿಗೆ?"

ಪೇಟೆಗೆ ಅನ್ನಬಹುದಿತ್ತು. ಮದುವೆಗೆ ಅನ್ನಬಹುದಿತ್ತು. ಯಜಮಾನರ ಬಾಯಿಂದ ಬಂದದ್ದು, "ಕೋರ್ಟಿಗ್ರಿ." ಆ ಹಿರಿಯರು ಕಿಟಕಿಯ ಕಡೆ ಮುಖ ತಿರುಗಿಸಿ ಒಂದು ಉಸಿರು ಬಿಟ್ಟರು.

ಆ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಯಜಮಾನರ ಕಾಕಾ, ಮತ್ತಿಬ್ಬರು ಹಿರಿಯರು ಬಂದು ಕೂತರು. ಚಹಾ ಕೊಟ್ಟರೂ ಕುಡಿಯಲಿಲ್ಲ. ಕಾಕಾ ನನ್ನನ್ನು ಕರೆದು, "ಸಂಸಾರ ಅಂದ್ರ ಮಾತು ಬರತಾವ, ಹೊಕ್ಕಾವ. ಅದಕ್ಕ ಕೋರ್ಟ ಯಾಕ ತಂಗಿ? ಇಂವ ಹೊಡದಾನೇನು?" ಅಂದರು.

"ಇಲ್ಲರಿ!"

"ಕುಡೀತಾನೇನು?"

"ಚಹಾ ಬಿಟ್ರ ಏನಿಲ್ಲರಿ."

ನನಗೆ ಆಗ ಎಲ್ಲ ಅರ್ಥವಾಯಿತು. ಆದರೆ ನಿಜ ಹೇಳುವ ಹಾಗಿಲ್ಲ, ಸುಳ್ಳು ಹೊಳೆಯುತ್ತಿಲ್ಲ. ಯಜಮಾನರಂತೂ ಗೋಡೆಗೆ ಅಂಟಿಕೊಂಡು ನಿಂತಿದ್ದರು. ನಾನು ಸುಮ್ಮನಿದ್ದದ್ದು ನೋಡಿ ಕಾಕಾಗೆ ಕರುಳು ಚುರ್ ಅಂದಿರಬೇಕು. ತೊಡೆ ತಟ್ಟಿ ಹೇಳಿದರು, "ಅಂಜಬ್ಯಾಡವಾ. ಇವನ ಕಡಿಂದ ನಿನಗ ಏನ ಬೇಕು, ಬಾಯಿ ಬಿಟ್ಟ ಹೇಳು. ನಾ ನಿಂತು ಕೊಡಿಸ್ತೀನಿ!"

ಒಳಗಿನಿಂದ ಅತ್ತೆ ಕೂಗಿದರು, "ಅದು ನಿನ್ನ ಕಡಿಂದ ಆಗೂದಲ್ಲ, ಸುಮ್ನ ಚಹಾ ಕುಡದ ಹೋಗು."

ಬರ್ರಿ ಅಂದರೆ ಎಷ್ಟು ಜನ

ದುರ್ಬೀನಿನ ದಿನ ಬಂತು. ತವರೂರು ಸತ್ತಿಯಿಂದ ನಮ್ಮವ್ವ ಬಂದಿದ್ದಳು. ಮೂವರೂ ಚಿಕ್ಕೋಡಿ ಮುಟ್ಟಿದೆವು. ನನಗೆ ಹಸಿರು ಗೌನು ತೊಡಿಸಿ ಒಂದು ಮಂಚ ತೋರಿಸಿದರು. ಒಳಗೆ ಏನೂ ಸರಿ ಇಲ್ಲ ಅಂತ ಗೊತ್ತಾದರೆ? ಇನ್ನು ಆಗುವುದೇ ಇಲ್ಲ ಅಂದುಬಿಟ್ಟರೆ? ನೋವಿನ ಅಂಜಿಕೆಗಿಂತ ಆ ಮಾತಿನ ಅಂಜಿಕೆಯೇ ದೊಡ್ಡದು. ಯಜಮಾನರ ಕೈ ಗಟ್ಟಿಯಾಗಿ ಹಿಡಿದೆ. ಆ ಕೈ ನನ್ನ ಕೈಗಿಂತ ತಣ್ಣಗಿತ್ತು. ನೋಡನೋಡುತ್ತಿದ್ದಂತೆ ಅವರು ಮೆಲ್ಲಗೆ ಬಾಗಿ ನನ್ನ ಮಂಚದ ಮೇಲೆ ಒರಗಿಬಿಟ್ಟರು.

"ಏನಾತ್ರಿ?"

"ತಲಿ ತಿರಗಾಕತ್ತೈತಿ. ನಿನ್ನಿ ರಾತ್ರಿಯಿಂದ ನೀರೂ ಕುಡದಿಲ್ಲ."

"ನೀವ್ಯಾಕ ಉಪಾಸ ಮಾಡಿದ್ರಿ?"

"ನರ್ಸಮ್ಮ ಫೋನಿನ್ಯಾಗ 'ಹಸದ ಹೊಟ್ಟೀಲೆ ಬರ್ರಿ' ಅಂದ್ರಲ್ಲ. 'ಬರ್ರಿ' ಅಂದ್ರ ಇಬ್ಬರೂ ಅಂತ ತಿಳದೆ."

ಅವ್ವ ಅವರಿಗೆ ಕತ್ತಿನ ತನಕ ಚಾದರ ಹೊದಿಸಿದಳು. ನಾನು ಗೌನಿನಲ್ಲೇ ನಿಂತು ಫೈಲಿನಿಂದ ಗಾಳಿ ಹಾಕತೊಡಗಿದೆ. ಅಷ್ಟರಲ್ಲಿ ಒಬ್ಬ ನರ್ಸಮ್ಮ ಬಂದು, ಕೈಯಲ್ಲಿನ ಹಾಳೆಯಿಂದ ತಲೆ ಎತ್ತದೆಯೇ ಮಂಚದ ಕಡೆ ಹೇಳತೊಡಗಿದರು, "ಅಂಜಬ್ಯಾಡ್ರಿ. ದೊಡ್ಡ ತ್ರಾಸೇನಿಲ್ಲ. ಗರ್ಭಚೀಲದಾಗ ಸ್ವಲ್ಪ ಹಿಂಡಿದಂಗ ಆಗತೈತಿ ಅಷ್ಟ."

ಯಜಮಾನರು ಹಸಿವಿಗೆ ಸಣ್ಣಗಾದ ದನಿಯಲ್ಲಿ ಹೇಳಿದರು, "ಅಕ್ಕಾರ, ನನಗ ಗರ್ಭಚೀಲ ಇಲ್ಲರಿ."

ನರ್ಸಮ್ಮ ಹಾಳೆ ತಿರುವುತ್ತ ಅಂದರು, "ಅಂಜಿಕಿ ಬಂದ್ರ ಎಲ್ಲಾರೂ ಹಿಂಗ ಅಂತಾರ."

ಸೋಡಾ

ಯಜಮಾನರನ್ನು ಇಡ್ಲಿ ತಿಂದು ಬರಲು ಕಳಿಸಿದರು. ನನ್ನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಹೊರಗೆ ಅವ್ವ ಒಬ್ಬಳೇ ಕೂತಳು.

ಮೇಜಿನ ಮೇಲೆ ಮಲಗಿದವಳೇ ಕಟ್ಟಿಗೆಯಾದೆ. ಡಾಕ್ಟರು, "ಸಡಲ ಬಿಡ್ರಿ, ಸಡಲ ಬಿಡ್ರಿ" ಅಂದಷ್ಟೂ ಬಿಗಿಯುತ್ತಿದ್ದೆ. ಬಿಡಬೇಕು ಅಂತ ನನಗೂ ಇತ್ತು, ಯಾವುದನ್ನು ಬಿಡುವುದು ಅಂತಲೇ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೀರು ತಾನಾಗಿ ಕಿವಿಗೆ ಇಳಿಯುತ್ತಿತ್ತು. ತಲೆಯ ಬಳಿ ನಿಂತಿದ್ದ ಹಿರಿಯ ಸಿಸ್ಟರು ಕೊಲ್ಹಾಪುರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ಅವರು ನನ್ನ ಕೈ ಹಿಡಿದು ಮರಾಠಿಯಲ್ಲಿ ಉಸಿರು ತಗೊಳ್ಳಿ, ಬಿಡಿ ಅಂತ ಹೇಳಿಕೊಡತೊಡಗಿದರು.

"ಶ್ವಾಸ್ ಘ್ಯಾ... ಸೋಡಾ. ಘ್ಯಾ... ಸೋಡಾ."

ಘ್ಯಾ ಅಂದರೆ ತಗೊಳ್ಳಿ, ಸೋಡಾ ಅಂದರೆ ಬಿಡಿ, ಉಗಾರಕ್ಕೆ ಬಂದ ಮೇಲೆ ನಾನು ಅಷ್ಟು ಮರಾಠಿ ಕಲಿತಿದ್ದೆ. ಉಸಿರು ತಗೊಂಡೆ. ಬಿಡುವುದಕ್ಕೆ ಮಾತ್ರ ಆಗಲಿಲ್ಲ. ಸಿಸ್ಟರು ದನಿ ಏರಿಸಿದರು, "ಸೋಡಾ! ಅಹೋ, ಸೋಡಾ! ಪೂರ್ಣ ಸೋಡಾ!"

ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ಅಲ್ಲಿದ್ದ ಆಯಾ ಬಾಗಿಲು ಸ್ವಲ್ಪ ತೆರೆದರೆ ಅವ್ವನ ದನಿ.

"ತಗೋರಿ ಯವ್ವಾ. ಆಗಿಂದ ಸೋಡಾ ಸೋಡಾ ಅಂತ ಒದರಾಕತ್ತೀರಿ, ಒಬ್ಬರೂ ತಂದ ಕೊಡವಲ್ರು. ನಾನ ಓಡಿ ಹೋಗಿ ತಂದೆ. ಲಿಂಬೂ ಸೋಡಾ ಸಿಗಲಿಲ್ಲ, ಸಾದಾದ್ದ ಐತಿ. ನಡೀತೈತಲ್ಲ?"

ಆಯಾ ಎರಡು ಬಾಟಲಿ ಹಿಡಿದುಕೊಂಡು ಡಾಕ್ಟರ ಮುಖ ನೋಡಿದಳು. ಡಾಕ್ಟರು ಸಿಸ್ಟರ ಮುಖ ನೋಡಿದರು. ಸಿಸ್ಟರು ಏನೂ ತಿಳಿಯದೆ, "ಸೋಡಾ ಕಶಾಲಾ?" ಅಂದರು, ಸೋಡಾ ಯಾಕೆ ಅಂತ. ಅಂಥ ಹೊತ್ತಿನಲ್ಲೂ ನನಗೆ ಹೊಟ್ಟೆಯಿಂದ ನಗೆ ಉಕ್ಕಿತು. ಹಿಡಿದಿದ್ದ ಉಸಿರೆಲ್ಲ ಒಮ್ಮೆಲೇ ಹೊರಗೆ ಬಂತು. ಅದರ ಜೊತೆಗೆ ತೊಡೆ, ಬೆನ್ನು ಎಲ್ಲ ತಾವೇ ಸಡಿಲಾದವು.

"ಹಾಂ, ಹಿಂಗ! ಹಿಂಗ ಇರ್ರಿ" ಅಂದರು ಡಾಕ್ಟರು, ತಾವೂ ನಗು ತಡೆದುಕೊಳ್ಳುತ್ತ. ಆಮೇಲೆ ನರ್ಸಮ್ಮ ಹೇಳಿದ್ದ ಹಾಗೆಯೇ ಸ್ವಲ್ಪ ಹಿಂಡಿದಂತಾಯಿತು. ನಾನು ಅಂಜಿದ ಹೊತ್ತಿಗೆ ಹೋಲಿಸಿದರೆ ಆ ನೋವು ಏನೂ ಅಲ್ಲ.

ಹೊರಗೆ ತಂದು ಮಲಗಿಸಿದ ಮೇಲೆ ಡಾಕ್ಟರು ಅವ್ವನ ಹತ್ತಿರ ಬಂದು ನಿಂತರು. "ಗರ್ಭಚೀಲ ಚಂದ ಐತ್ರಿ. ಒಂದ ಸಣ್ಣ ಗುಳ್ಳಿ ಅಡ್ಡ ಕುಂತಿತ್ತು, ತಗದೇವಿ. ಮಕ್ಕಳಾಗೂದಿಲ್ಲ ಅನ್ನಾಕ ಏನೂ ಕಾರಣ ಕಾಣಲಿಲ್ಲ. ಇನ್ನ ಮುಂದಿನ ಉಪಚಾರ ಚಾಲೂ ಮಾಡೂಣು."

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಇಡ್ಲಿ ತಿಂದು ಬಂದ ಯಜಮಾನರಂತೂ ಏನು ಎತ್ತ ತಿಳಿಯದೆ ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಅವ್ವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ.

"ಸೋಡಾ ಹಾಕಿದ ಮ್ಯಾಲ," ಅಂದಳು, "ಎಂಥಾ ಜಿಡ್ಡೂ ಬಿಡತೈತಿ. ಗುಳ್ಳಿ ಬಿಡಲಾರದ ಏನ ಮಾಡತೈತ್ರಿ?"