ಮದುವೆಗೆ ಹೋಗಿದ್ದ ಮ್ಯೂಸಿಯಂ

ನಮ್ಮ ಯಜಮಾನರು ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ನಿಮಗೆ ಅನುಮಾನ ಹುಟ್ಟಬಾರದು ನೋಡಿ!

ಅವರಿಗೆ ಜ್ವರ ಬರುವುದಕ್ಕೆ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ಮಜ್ಜಿಗೆ ಕಡೆಯಲು ಕೂತರೆ ಕಡಗೋಲು ಇಲ್ಲ. ಹಿಂದಿನ ವಾರ ತುರಿಮಣೆ ಹೋಗಿತ್ತು, ಅದಕ್ಕೂ ಹಿಂದೆ ಶ್ಯಾವಿಗೆ ಒರಳು. ಬೇರೆ ಮನೆಯವರಾದರೆ ಅಟ್ಟ ಹುಡುಕುತ್ತಾರೆ, ಹಿತ್ತಿಲು ಹುಡುಕುತ್ತಾರೆ. ನಾನು ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಸೀದಾ ಚಾವಡಿಯ ಪಕ್ಕದ ಕೋಣೆಗೆ ಹೋದೆ. ಕಡಗೋಲು ಗೋಡೆಗೆ ಒರಗಿ ನಿಂತಿತ್ತು. ಅದರ ಕೊರಳಿಗೊಂದು ದಾರ, ದಾರಕ್ಕೊಂದು ಚೀಟಿ. ಚೀಟಿಯಲ್ಲಿ ದುಂಡಗೆ ಬರೆದಿತ್ತು: 'ನಮ್ಮ ಮನೆಯಾಕೆಯದು.'

"ರೀ, ಮಜ್ಜಿಗೆ ಯಾವುದರಲ್ಲಿ ಕಡೀಲಿ? ನಿಮ್ಮ ತಲೇಲಾ?"

"ಸ್ವಲ್ಪ ಹೊತ್ತು ಇರ್ಲಿ ಕಣೇ. ದೇವನಹಳ್ಳಿಯಿಂದ ಇಬ್ಬರು ನೋಡೋಕೆ ಬರ್ತಾರೆ."

"ಯಾಕೆ, ದೇವನಹಳ್ಳೀಲಿ ಕಡಗೋಲಿಲ್ವಾ?"

"ಇದೆ. ಆದ್ರೆ ಅಲ್ಲಿ ಯಾರೂ ಅದನ್ನ ನೋಡೋದಿಲ್ಲ. ಬರೀ ಕಡೀತಾರೆ!"

ಆ ದಿನ ನಮ್ಮ ಮನೆಯಲ್ಲಿ ಮಜ್ಜಿಗೆ ಆಗುವಾಗ ಮಧ್ಯಾಹ್ನ.

ಅವರ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ. ಸೂಲಿಬೆಲೆಯಲ್ಲೂ ಯಾರೂ ಹೇಳುತ್ತಿರಲಿಲ್ಲ. ಊರಿಗೆಲ್ಲ ಅವರು 'ದಾಕಿನವರು'. ಸಿಡುಬು ಬರದಂತೆ ಮಕ್ಕಳ ತೋಳಿಗೆ ದಾಕು ಹಾಕುವ ಸರ್ಕಾರಿ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಅವರ ಸೈಕಲ್ ಗಂಟೆ ಕೇಳಿದರೆ ಸಾಕು, ಮಕ್ಕಳು ಮಾಯ! ಕೆಲವು ಹುಣಸೆ ಮರದ ಮೇಲೆ, ಕೆಲವು ಹುಲ್ಲಿನ ಮೆದೆಯೊಳಗೆ. ಒಬ್ಬಳು ಹುಡುಗಿ ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿದು, ಹೊರಗೆ ಬರಲಾಗದೆ, ಕೊನೆಗೆ ದಾಕಿನವರೇ ಎತ್ತಿ ತೆಗೆಯಬೇಕಾಯಿತು. ತೆಗೆದವರು ಸುಮ್ಮನೆ ಬಿಟ್ಟಾರೆಯೇ?

ಮಕ್ಕಳನ್ನು ಹುಡುಕಿ ಹಿಡಿದು ತರುವಷ್ಟು ಹೊತ್ತು ಇವರು ಜಗಲಿಯ ಮೇಲೆ ಕೂತಿರಬೇಕು. ಕೂತವರ ಕಣ್ಣು ಮೂಲೆಯಲ್ಲಿ ಬಿದ್ದಿರುವ ಹಳೆಯ ಸಾಮಾನಿನ ಮೇಲೆ. "ಅಜ್ಜೀ, ಅದೇನು? ಯಾರ ಕಾಲದ್ದು?" ಅಷ್ಟೇ. ಅಜ್ಜಿ ಹೇಳುತ್ತಾಳೆ, ಇವರು ಕೇಳುತ್ತಾರೆ. ಮಗು ಸಿಕ್ಕಿದ್ದು, ಅತ್ತಿದ್ದು, ಅಳು ನಿಲ್ಲಿಸಿ ಮತ್ತೆ ಆಡಲು ಹೋದದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಸಂಜೆ ಸೈಕಲ್ಲಿನ ಹಿಂದೆ ಏನಾದರೊಂದು ಕಟ್ಟಿಕೊಂಡೇ ಮನೆಗೆ ಬರುತ್ತಿದ್ದರು.

ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ಯುದ್ಧದ ಕಾಲ. ನನ್ನ ಕಣ್ಣು ತೋರಿಸಲೆಂದು ಹೋದವರು, ಆಸ್ಪತ್ರೆಯ ಕೆಲಸ ಬೇಗ ಮುಗಿಯಿತೆಂದು ನನ್ನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಕತ್ತಿಯ ಮುಂದೆ ನಿಂತರು.

"ಇದು ಯಾರ್ದಪ್ಪಾ?" ಎಂದು ಕಾವಲಿನವನನ್ನು ಕೇಳಿದರು.

"ರಾಜರದು."

"ಯಾವ ರಾಜರು?"

"ಗೊತ್ತಿಲ್ಲ. ಮುಟ್ಬೇಡಿ."

ಹಿಂತಿರುಗುವಾಗ ನಮ್ಮ ಬಸ್ಸು ಇದ್ದಿಲ ಗ್ಯಾಸಿನದು. ಹೊಸಕೋಟೆಗೆ ಬರುವುದರೊಳಗೆ ಮೂರು ಸಲ ನಿಂತಿತು. ಅದು ನಿಂತಾಗಲೆಲ್ಲ ಇವರು ಒಂದೇ ಸಮನೆ, "ಯಾರ್ದು ಅಂತ ಗೊತ್ತಿಲ್ವಂತೆ! ಮುಟ್ಟಬಾರದಂತೆ!" ಬಸ್ಸಿಗಿಂತ ಹೆಚ್ಚು ಹೊಗೆ ಇವರದೇ.

ಒಂದು ತಿಂಗಳಿಗೆ ಚಾವಡಿಯ ಪಕ್ಕದ ಸರ್ಕಾರಿ ಕೋಣೆಯ ಬಾವಲಿಗಳನ್ನು ಓಡಿಸಿ, ಸುಣ್ಣ ಬಳಿದು, ತಮ್ಮದೇ ಮ್ಯೂಸಿಯಂ ತೆರೆದರು. ಕಾನೂನು ಮೂರೇ. ಪ್ರತಿಯೊಂದು ಸಾಮಾನಿಗೂ ಯಾರದೆಂದು ಚೀಟಿ ಇರಬೇಕು. ನೋಡಲು ಬಂದವರು ಮುಟ್ಟಲೇಬೇಕು. ಸಾಮಾನಿನವರಿಗೆ ಬೇಕಾದಾಗ ಒಯ್ದು ಬಳಸಿ ತಂದಿಡಬಹುದು.

ಮೊದಲ ಭಾನುವಾರ ಶಾಲೆಯ ಮಕ್ಕಳನ್ನು ಕರೆದಿದ್ದರು. ಒಬ್ಬನೂ ಬರಲಿಲ್ಲ! ಮ್ಯೂಸಿಯಂ ಎನ್ನುವುದು ದಾಕು ಹಾಕಲು ಹೂಡಿದ ಹೊಸ ಉಪಾಯ ಎಂದು ಊರ ಮಕ್ಕಳೆಲ್ಲ ತೀರ್ಮಾನ ಮಾಡಿದ್ದರು. ಎರಡನೆಯ ವಾರ ಮೇಷ್ಟರು ಬೆತ್ತ ಹಿಡಿದು ಕರೆತಂದರು. ಮಕ್ಕಳು ಎರಡೂ ತೋಳು ಗಟ್ಟಿಯಾಗಿ ಹಿಡಿದುಕೊಂಡು ಸಾಲಾಗಿ ನಿಂತವು. ಸಾಮಾನು ಯಾರು ನೋಡಿದರು? ಎಲ್ಲರ ಕಣ್ಣೂ ಇವರ ಕೈಯ ಮೇಲೆ. ಕೊನೆಗೆ ಇವರು ಸೂಜಿಯ ಪೆಟ್ಟಿಗೆಯನ್ನೇ ತಂದು, ಬೀಗ ಹಾಕಿ, ಬಾಗಿಲ ಬಳಿ ಇಟ್ಟು ಚೀಟಿ ಕಟ್ಟಿದರು: 'ಇದು ನನ್ನದು. ಭಾನುವಾರ ಇದಕ್ಕೆ ರಜ.' ಆಮೇಲೆ ಮಕ್ಕಳನ್ನು ಹೊರಗೆ ಕಳಿಸುವುದೇ ಕಷ್ಟವಾಯಿತು.

ನಮ್ಮ ಎದುರು ಮನೆಯ ಬುಡನ್ ಸಾಹೇಬರು ರೇಷ್ಮೆಗೂಡಿನ ವ್ಯಾಪಾರದವರು. ನಾಲಗೆ ಬಹಳ ಚುರುಕು. ತಮ್ಮ ತಾತನ ಹುಕ್ಕಾ ಕೊಟ್ಟಿದ್ದರು. ಪ್ರತಿ ಶುಕ್ರವಾರ ಸಂಜೆ ಒಯ್ದು ಸೇದಿ, ಶನಿವಾರ ತಂದಿಡುತ್ತಿದ್ದರು.

"ಅರೆ, ಇದನ್ನ ಅಜಾಯಬ್‌ಖಾನಾ ಅಂತಾರಾ ದಾಕು ಸಾಹೇಬ್ರೇ?" ಎಂದು ಕಿಚಾಯಿಸುತ್ತಿದ್ದರು. "ಅಲ್ಲಿ ಸತ್ತ ಸಾಮಾನು ಇಡ್ತಾರೆ. ನಿಮ್ಮದು ದಿನಾ ಎದ್ದು ಓಡಾಡುತ್ತಲ್ಲ!"

"ಓಡಾಡ್ಲಿ ಬಿಡಿ. ಕಾಲಿಗೆ ಚೀಟಿ ಕಟ್ಟಿದೀನಲ್ಲ, ವಾಪಸ್ ಬರ್ತವೆ."

ಹೀಗಿರುವಾಗ ತಾಲ್ಲೂಕಿನ ಅಮಲ್ದಾರರಿಂದ ಕಾಗದ ಬಂತು. ರೇಷನ್ ಡಿಪೋ ಇಡಲು ಆ ಕೋಣೆ ಬೇಕು. ಮ್ಯೂಸಿಯಂ ಎಂದು ಏನೋ ಇದೆಯಂತೆ, ಉಳಿಸುವಷ್ಟು ಯೋಗ್ಯವೇ ಎಂದು ಖುದ್ದಾಗಿ ನೋಡಲು ಬರುತ್ತಾರಂತೆ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೇರೆ ಕೋಣೆ ಊರಿನಲ್ಲಿ ಇರಲಿಲ್ಲ. ನಮ್ಮ ಮನೆಯೋ, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು.

ಅಮಲ್ದಾರರು ಬರುವ ದಿನ ಯಾವುದೆಂದು ತಿಳಿದೆಯೇ? ಬುಡನ್ ಸಾಹೇಬರ ಮಗಳ ಮದುವೆಯ ದಿನ! ಯುದ್ಧದ ದೆಸೆಯಿಂದ ತಾಮ್ರದ ಪಾತ್ರೆ ಕೊಳ್ಳಲು ಸಿಗುತ್ತಿರಲಿಲ್ಲ. ಸಾಮಾನಿನವರೆಲ್ಲ ಸಂತೋಷದಿಂದ ಒಪ್ಪಿದರು. ದೊಡ್ಡ ಹಂಡೆ, ದೇಗ್ಚಿ, ಜಮಖಾನ, ದೀಪ, ಪನ್ನೀರುದಾನಿ ಎಲ್ಲವೂ ಎದುರು ಮನೆಗೆ ಹೊರಟವು.

"ಒಂದು ದಿನದ ಮಟ್ಟಿಗೆ ಇಲ್ಲ ಅನ್ನಿ," ಎಂದೆ.

"ಕಾನೂನು ಮಾಡಿದೋನು ನಾನೇ ಕಣೇ. ಆ ಮಗು ನನ್ನ ಕೈಲಿ ದಾಕು ಹಾಕಿಸ್ಕೊಂಡಿದ್ದು. ಪಾತ್ರೆ ಇಲ್ದೆ ಮದುವೆ ಅಡಿಗೇನ ಅಂಗೈಲಿ ಮಾಡ್ತಾರಾ?"

ಅಮಲ್ದಾರರು ಬಂದರು. ಕೋಣೆಯಲ್ಲಿ ಗೋಡೆ, ಮೊಳೆ, ಸೂಜಿಯ ಪೆಟ್ಟಿಗೆ. ಪ್ರತಿಯೊಂದು ಮೊಳೆಗೂ ಒಂದು ಚೀಟಿ: 'ಮದುವೆಗೆ ಹೋಗಿದೆ.' 'ಮದುವೆಗೆ ಹೋಗಿದೆ.' 'ಮದುವೆಗೆ ಹೋಗಿದೆ.'

"ಏನ್ರೀ ಇದು? ನಿಮ್ಮ ಮ್ಯೂಸಿಯಂ ಎಲ್ರೀ?"

"ಎದುರುಗಡೆ ಸ್ವಾಮಿ. ಬಾಜಾ ಕೇಳಿಸ್ತಿದೆಯಲ್ಲ, ಅಲ್ಲಿ."

ಅಮಲ್ದಾರರ ಮುಖ ಕೆಂಪಾಯಿತು. ಆದರೆ ಬುಡನ್ ಸಾಹೇಬರು ಬೀದಿಗೇ ಬಂದು, ಕೈ ಹಿಡಿದು ಒಳಗೆ ಕರೆದೊಯ್ದು, ಕೂರಿಸಿ, ಶರಬತ್ತು ಕೊಟ್ಟುಬಿಟ್ಟರು. ಲೋಟ ಕೈಯಲ್ಲಿ ಹಿಡಿದ ಮೇಲೆ ಅಮಲ್ದಾರರಾದರೂ ಎಷ್ಟು ಹೊತ್ತು ರೇಗಬಲ್ಲರು? ನಮ್ಮವರು ಅಲ್ಲೇ ಸುರು ಮಾಡಿದರು.

"ಸ್ವಾಮಿ, ಸ್ವಲ್ಪ ಏಳ್ತೀರಾ?"

"ಯಾಕ್ರೀ?"

"ತಾವು ಮ್ಯೂಸಿಯಂ ಮೇಲೆ ಕೂತಿದೀರಿ."

ಎದ್ದರು! ಜಮಖಾನ ನೇಯ್ದವರು ಯಾರು, ಅದರ ಅಂಚಿನಲ್ಲಿ ಒಂದೆಳೆ ಬಣ್ಣ ಬೇರೆ ಯಾಕೆ ಎಂದು ಹೇಳಿದರು. ಅಲ್ಲಿಂದ ಒಲೆಯ ಬಳಿಗೆ ಕರೆದೊಯ್ದರು. ದೇಗ್ಚಿಯ ಕಂಠ ಒಂದು ಕಡೆ ತಗ್ಗಿತ್ತು. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಲು ಹೊರಟಾಗ ಅದು ಗಾಡಿಯಿಂದ ಬಿದ್ದದ್ದು. ಅದನ್ನು ಎತ್ತಿಕೊಳ್ಳಲು ಇಳಿದ ಸೊಸೆ ಒಬ್ಬಳೇ ಆ ಮನೆಯಲ್ಲಿ ಆ ವರ್ಷ ಬದುಕಿ ಉಳಿದವಳು. ಹೇಳುವಾಗ ಇವರು ಆ ತಗ್ಗಿನ ಹತ್ತಿರಕ್ಕೆ ಬೆರಳು ಒಯ್ದರು.

"ಮುಟ್ಬೇಡಿ ಸಾಹೇಬ್ರೇ, ಸುಡುತ್ತೆ! ಪಕ್ಕಕ್ಕೆ ಬನ್ನಿ, ತಳ ಹತ್ತುತ್ತೆ!" ಎಂದು ಅಡಿಗೆಯವನು ಕೂಗಿದ. ಇವರ ಮ್ಯೂಸಿಯಂನಲ್ಲಿ ಮುಟ್ಟಬೇಡಿ ಎಂದು ಹೇಳಿಸಿಕೊಂಡವರು ಇವರೊಬ್ಬರೇ.

ಅಮಲ್ದಾರರು ಎರಡು ಗಂಟೆ ಇದ್ದರು. ಹೊರಡುವಾಗ ಹೇಳಿದರು, "ಡಿಪೋಗೆ ಛತ್ರದಲ್ಲಿ ಜಾಗ ನೋಡ್ತೀನಿ. ಆದ್ರೆ ನಿಮ್ಮ ಚೀಟೀಲಿ ಹೆಸರು ಬಿಟ್ರೆ ಏನೂ ಇಲ್ಲ. ಈಗ ನನಗೆ ಹೇಳಿದ್ರಲ್ಲ, ಅದನ್ನ ಎಲ್ಲಾ ಒಂದು ಪುಸ್ತಕದಲ್ಲಿ ಬರೆದು ದೀಪಾವಳಿಯೊಳಗೆ ಕೊಡಿ. ಮೇಲಿನವರಿಗೆ ನಾನು ತೋರಿಸ್ಬೇಕು. ಇಲ್ದಿದ್ರೆ ಕೋಣೆ ಉಳಿಯೋಲ್ಲ."

"ಆಗ್ಲಿ ಸ್ವಾಮಿ!"

ನಾನೇ ಪುಸ್ತಕ ತರಿಸಿದೆ, ಮಸಿ ಕಲಸಿಟ್ಟೆ. ಮೊದಲನೆಯ ಪುಟದಲ್ಲಿ 'ಸೂಲಿಬೆಲೆ ಮ್ಯೂಸಿಯಂ' ಎಂದು ಬರೆದು, ಸುತ್ತ ಬಳ್ಳಿ ಬಿಡಿಸಿದರು. ಬಳ್ಳಿಗೆ ಎಲೆ ಬಿಡಿಸಲು ಒಂದು ತಿಂಗಳು. ಹೂವಿಗೆ ಇನ್ನೊಂದು ತಿಂಗಳು.

"ರೀ, ಯಾವಾಗ ಬರೀತೀರಿ?"

"ಬರೆದಿಟ್ರೆ ಜನ ಓದ್ಕೊಂಡು ಹೋಗ್ಬಿಡ್ತಾರೆ ಕಣೇ. ಆಮೇಲೆ ನನ್ನ ಹತ್ರ ಯಾರು ಕೂತ್ಕೋತಾರೆ?"

"ನಾನಿಲ್ವಾ?"

"ನೀನು ಕೂತ್ಕೊಳ್ಳೋಕೆ ಬರ್ತೀಯಾ? ಸಾಮಾನು ಬಿಡಿಸ್ಕೊಂಡು ಹೋಗೋಕೆ ಬರ್ತೀಯ!"

ನಕ್ಕುಬಿಟ್ಟೆ. ಅಲ್ಲೇ ಕೂತುಬಿಡಬೇಕಾಗಿತ್ತು.

ಕಡಗೋಲಿನ ಭಾನುವಾರ ಕಳೆದು ಸೋಮವಾರ ಜ್ವರ ಬಂತು. ಊರ ಮಕ್ಕಳಿಗೆಲ್ಲ ದಾಕು ಹಾಕಿದವರಿಗೆ ಬಂದದ್ದು ಅವರ ಪೆಟ್ಟಿಗೆಯಲ್ಲಿ ದಾಕು ಇಲ್ಲದ ಜ್ವರ. ಹದಿನೆಂಟನೆಯ ದಿನ ಹೋದರು. ದೀಪಾವಳಿಗೆ ಇನ್ನೂ ಮೂರು ವಾರವಿತ್ತು.

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಆದರೂ ಬರೆಯಲು ಕೂತೆ. ಬುಡನ್ ಸಾಹೇಬರು ಸಂಜೆ ನಮ್ಮ ಜಗಲಿಗೆ ಬಂದು, ತಮಗೆ ತಿಳಿದಿದ್ದನ್ನು ಹೇಳುತ್ತಿದ್ದರು. ಬಾಗಿಲ ಒಳಗೆ ಕೂತು ನಾನು ಬರೆದುಕೊಳ್ಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಅವರು, "ಇದನ್ನ ದಾಕು ಸಾಹೇಬ್ರು ಚೆನ್ನಾಗಿ ಹೇಳ್ತಿದ್ರಮ್ಮಾ," ಎಂದು ಎದ್ದು ಮನೆಗೆ ಹೊರಡುತ್ತಿದ್ದರು. ಅಮಲ್ದಾರರು ಪುಸ್ತಕ ಒಪ್ಪಿಕೊಂಡರು. ನಮ್ಮಿಬ್ಬರಿಗೂ ತಿಳಿಯದ ಕತೆಗಳಿಗೆಂದು ನಾನು ಖಾಲಿ ಬಿಟ್ಟ ಜಾಗಗಳನ್ನು ನೋಡಿ ಪುಟ ತಿರುವಿದರು. ಕೋಣೆ ಉಳಿಯಿತು. ಭಾನುವಾರ ನಾನೇ ಬಾಗಿಲು ತೆಗೆಯುತ್ತೇನೆ.

ಹೋದ ವಾರ ಹಳ್ಳಿಯಿಂದ ಒಬ್ಬ ಹೆಂಗಸು ನಡೆದುಕೊಂಡು ಬಂದಳು. ಬಾಣಂತಿಗೆ ಎಣ್ಣೆ ಒತ್ತುವಾಗ ಬಳಸುವ ಒಂದು ಗಿಂಡಿಯನ್ನು ತಾನೇ ಗುರುತಿಸಿ, ಕೈಗೆ ತೆಗೆದುಕೊಂಡು ಕೂತಳು.

"ಇದು ನಮ್ಮವ್ವನ್ದು ಕಣವ್ವಾ. ದಾಕಿನ ಸ್ವಾಮೇರು ಬಂದಾಗ ನಮ್ಮವ್ವ ಇದರ ಕತೆ ಒಂದು ಹೊತ್ತೆಲ್ಲಾ ಹೇಳಿದ್ಲಂತೆ. ನಾನು ಹೊಲಕ್ಕೆ ಹೋಗಿದ್ದೆ. ಈಗ ನಮ್ಮವ್ವನೂ ಇಲ್ಲ. ಏನಂತ ಹೇಳಿದ್ಲು, ಒಸಿ ಓದಿ ಹೇಳವ್ವಾ."

ಪುಸ್ತಕ ತೆಗೆದೆ. ಗಿಂಡಿ ಎಂದು ಬರೆದಿದ್ದೆ. ಅವಳ ತಾಯಿಯ ಹೆಸರು ಬರೆದಿದ್ದೆ. ಅದರ ಮುಂದೆ ಜಾಗ ಖಾಲಿ. ಅಲ್ಲಿ ಬರೆಯಬೇಕಾದದ್ದು ನನಗೆ ಗೊತ್ತಿಲ್ಲ.